ದಾರಿ ತೋರಿಸಿದವರ ಹೆಸರು ಎಲ್ಲಿ?



ಪೋಸ್ಟ್ ಉದ್ದ ಇದೆ. ಬಿಡುವಾದಾಗ ಓದಿ, ಆದ್ರೆ ಪೂರ್ತಿ ಓದಿ. ಅಮೆರಿಕದ ಕಥೆ ನಮಗ್ಯಾಕೆ ಅಂತ ಸರಿಸಿ ಹೋಗಬೇಡಿ. ಸುತ್ತಿ ಬಳಸಿ ಬಂದು ನಿಲ್ಲೋದು ನಮ್ಮ ಕೇರಿ ಮುಂದೇನೇ.

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಲಿವೋನಿಯಾ ಅನ್ನೋ ಊರಲ್ಲಿ ಸ್ಕೂಲ್‌ಕ್ರಾಫ್ಟ್ ಕಾಲೇಜು ಅಂತ ಒಂದಿದೆ. 1961ರಲ್ಲಿ ಸ್ಥಾಪನೆಯಾಗಿದ್ದು. ನಮ್ಮ ಸಂಘದ ಗೆಳತಿಯೊಬ್ಬರ ಮಗಳು ಆ ಕಡೆ ಕೆಲಸಕ್ಕೆ ಹೋಗಿದ್ದಾಳೆ. ಬೋರ್ಡಿನ ಫೋಟೋ ಕಳಿಸಿ, "ಹೆಸರಲ್ಲೇ ಸ್ಕೂಲು ಇದೆ ಆಂಟಿ, ಇವರ ಕಡೆಯ ಜ್ಯೋತಿಬಾ ಫುಲೆ ಇರ್ಬೇಕು ನೋಡಿ" ಅಂತ ತಮಾಷೆ ಮಾಡಿದ್ಲು. ಸರಿ, ಯಾರು ಅಂತ ನೋಡೋಣ ಅಂತ ಓದೋಕೆ ಕೂತೆ. ರಾತ್ರಿ ಹನ್ನೊಂದಕ್ಕೆ ಕೂತವಳು ಎದ್ದಿದ್ದು ಎರಡು ಗಂಟೆಗೆ. ಆಮೇಲೆ ಸುಮಾರು ಒಂದು ತಿಂಗಳು ಅದೇ ಓದು.

ಅದು ಮನುಷ್ಯನ ಹೆಸರು. ಹೆನ್ರಿ ರೋ ಸ್ಕೂಲ್‌ಕ್ರಾಫ್ಟ್. 1793ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವನು, 1864ರಲ್ಲಿ ತೀರಿಕೊಂಡ. ಅಲ್ಲಿನ ಪುಸ್ತಕಗಳು ಅವನನ್ನ ಅನ್ವೇಷಕ, ಜನಾಂಗ ಅಧ್ಯಯನಕಾರ ಅಂತ ಕರೀತಾವೆ. ಕಾಲೇಜು ಒಂದೇ ಅಲ್ಲ. ಮಿಶಿಗನ್ನಿನ ಉತ್ತರ ತುದಿಯಲ್ಲಿ ಸ್ಕೂಲ್‌ಕ್ರಾಫ್ಟ್ ಕೌಂಟಿ ಇದೆ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅದೇ ರಾಜ್ಯದ ದಕ್ಷಿಣಕ್ಕೆ ಸ್ಕೂಲ್‌ಕ್ರಾಫ್ಟ್ ಅನ್ನೋ ಊರಿದೆ. ಪಕ್ಕದ ಮಿನ್ನೆಸೋಟದಲ್ಲಿ ಸ್ಕೂಲ್‌ಕ್ರಾಫ್ಟ್ ನದಿ, ಸ್ಕೂಲ್‌ಕ್ರಾಫ್ಟ್ ಉದ್ಯಾನ, ಕೆರೆ ನಡುವೆ ಸ್ಕೂಲ್‌ಕ್ರಾಫ್ಟ್ ದ್ವೀಪ. ನೆಲ, ನೀರು, ವಿದ್ಯೆ ಮೂರರ ಮೇಲೂ ಒಬ್ಬನದೇ ಹೆಸರು.

ಏನು ಮಾಡಿದ್ದಕ್ಕೆ ಇಷ್ಟು ಹೆಸರು?

ಮಿಸಿಸಿಪ್ಪಿ ನದಿ ಎಲ್ಲಿ ಹುಟ್ಟುತ್ತೆ ಅಂತ "ಕಂಡುಹಿಡಿದ", ಅದಕ್ಕೆ. ನಮಗೆ ತಲಕಾವೇರಿ ಇದ್ದ ಹಾಗೆ ಅವರಿಗೆ ಅದು. 1832ರ ಜುಲೈ 13ರಂದು ಸ್ಕೂಲ್‌ಕ್ರಾಫ್ಟ್ ಆ ಕೆರೆ ದಡಕ್ಕೆ ಬಂದ. ದ್ವೀಪದ ಮೇಲೆ ಅಮೆರಿಕದ ಬಾವುಟ ಹಾರಿಸಿದ. ಕೆಲವೇ ಗಂಟೆ ಇದ್ದು ಹೊರಟುಹೋದ.

ಈಗ ಕೇಳಿ. ಅವನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದು ಯಾರು? ಓಜಾವಿಂಡಿಬ್ ಅನ್ನೋ ಓಜಿಬ್ವೆ ಮುಖಂಡ. ಆ ಹೆಸರಿಗೆ ಹಳದಿ ತಲೆ ಅಂತ ಅರ್ಥ. ಯಾವ ಹಳ್ಳದಲ್ಲಿ ದೋಣಿ ಹೋಗುತ್ತೆ, ಎಲ್ಲಿ ದೋಣಿ ಹೆಗಲ ಮೇಲೆ ಹೊತ್ತು ಕಾಡು ದಾಟಬೇಕು, ಎಲ್ಲಾ ಗೊತ್ತಿದ್ದಿದ್ದು ಓಜಿಬ್ವೆ ಜನಕ್ಕೆ. ಅವರ ಭಾಷೇಲಿ ಆ ಕೆರೆಗೆ ಆಗಲೇ ಹೆಸರಿತ್ತು: ಒಮಶ್ಕೋಜೊ-ಜಾಗಾಇಗನ್. ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಕೆರೆ ಅಂತ. ಅಲ್ಲಿಗೆ ಬರ್ತಿದ್ದ ಫ್ರೆಂಚ್ ತುಪ್ಪಳದ ವ್ಯಾಪಾರಿಗಳೂ ತಮ್ಮ ಭಾಷೇಲಿ ಜಿಂಕೆ ಕೆರೆ ಅಂತಲೇ ಕರೀತಿದ್ರು.

ಅಂದ್ರೆ ಜನ ಇದ್ರು, ದಾರಿ ಇತ್ತು, ಹೆಸರೂ ಇತ್ತು. ಆದ್ರೂ "ಕಂಡುಹಿಡಿದಿದ್ದು" ಸ್ಕೂಲ್‌ಕ್ರಾಫ್ಟ್!

ಇದಕ್ಕಿಂತ ನನ್ನನ್ನ ಕೆಣಕಿದ್ದು ಅವನು ಇಟ್ಟ ಹೊಸ ಹೆಸರು. ಇಟಾಸ್ಕಾ. ಕೇಳಿದ್ರೆ ಅಲ್ಲಿನ ಮೂಲನಿವಾಸಿಗಳ ಪದ ಅನ್ಸುತ್ತೆ, ಅಲ್ವಾ? ಅಲ್ಲ. ಲ್ಯಾಟಿನ್ನಿನಲ್ಲಿ ವೆರಿಟಾಸ್ ಅಂದ್ರೆ ಸತ್ಯ, ಕಾಪುಟ್ ಅಂದ್ರೆ ತಲೆ. ಎರಡನ್ನೂ ಒಟ್ಟಿಗೆ ಬರೆದು, ಮುಂದಿನ ಅಕ್ಷರ ಕತ್ತರಿಸಿ, ಹಿಂದಿನ ಅಕ್ಷರ ಕತ್ತರಿಸಿ, ನಡುವೆ ಉಳಿದದ್ದನ್ನ ಇಟಾಸ್ಕಾ ಅಂದ. ಆಮೇಲೆ ಇಟಾಸ್ಕಾ ಅನ್ನೋ ಒಬ್ಬ ಮೂಲನಿವಾಸಿ ಹುಡುಗಿ ಇದ್ಲು, ಅವಳ ಕಣ್ಣೀರೇ ನದಿ ಆಯ್ತು ಅಂತ ಒಂದು ಕಥೆನೂ ಹುಟ್ಟಿತು. ನಮ್ಮ ಸ್ಥಳಪುರಾಣಗಳು ಹುಟ್ಟೋದೂ ಹೀಗೇ ಅಲ್ವಾ? ಮೊದಲು ಜಾಗ ಅವರದಾಗುತ್ತೆ, ಹಿಂದೇನೇ ಒಂದು ಪುರಾಣ ಬರುತ್ತೆ.

ಹೀಗೆ ಅವನು ಹುಟ್ಟಿಸಿದ ಹೆಸರು ಇದೊಂದೇ ಅಲ್ಲ. ಮಿಶಿಗನ್ನಿನ ಹಲವು ಕೌಂಟಿಗಳ ಹೆಸರು ಅವನೇ ಕೂರಿಸಿ ಜೋಡಿಸಿದ್ದು. ಅರೆನಾಕ್ ಅನ್ನೋದ್ರಲ್ಲಿ ಲ್ಯಾಟಿನ್ನಿನ ಮರಳು ಇದೆ, ಮೂಲನಿವಾಸಿ ಭಾಷೆಯ ನೆಲ ಇದೆ. ಆಲ್ಪೀನಾ ಅನ್ನೋದ್ರಲ್ಲಿ ಅರಬ್ಬಿಯ ಅಲ್ ಇದೆ, ಓಜಿಬ್ವೆಯ ಹಕ್ಕಿ ಇದೆ. ಆಲ್ಕೋನಾ, ಅಯಾಸ್ಕೊ, ಟಸ್ಕೋಲಾ, ಆಸ್ಕೋಡಾ, ಕಲ್ಕಾಸ್ಕಾ. ನೋಡಿದ್ರೆ ಆ ಜನರಿಗೆ ಗೌರವ ಕೊಟ್ಟ ಹಾಗೇ ಕಾಣುತ್ತೆ. ಆದ್ರೆ ಆ ಜನರಲ್ಲಿ ಯಾರ ಮನೇಲೂ, ಯಾರ ಬಾಯಲ್ಲೂ ಆ ಪದ ಇರಲಿಲ್ಲ.

ಈಗ ನಾನು ಎರಡು ಸಲ ಓದಿ ನೋಡಿಕೊಂಡ ವಿಷಯಕ್ಕೆ ಬರ್ತೀನಿ. 1840ರಲ್ಲಿ ಮಿಶಿಗನ್ನಿನ ಹೊಸ ಕೌಂಟಿಗಳಿಗೆ ಹೆಸರಿಟ್ಟಾಗ, ಅದ್ರಲ್ಲಿ ಕೆಲವು ನಿಜವಾದ ಮೂಲನಿವಾಸಿ ಮುಖಂಡರ ಹೆಸರುಗಳಿದ್ವು. ಬದುಕಿ ಓಡಾಡಿದ ಮನುಷ್ಯರ ಹೆಸರು. ಮೂರೇ ವರ್ಷ. 1843ರಲ್ಲಿ ಅಲ್ಲಿನ ಶಾಸನಸಭೆ ಒಂದು ಕಾಯ್ದೆ ಮಾಡಿ ಆ ಹೆಸರುಗಳನ್ನ ಒರೆಸಿ ಹಾಕಿತು. ನೆಗ್ವೆಗಾನ್ ಅನ್ನೋ ಮುಖಂಡನ ಹೆಸರಿನ ಕೌಂಟಿ ಆಲ್ಕೋನಾ ಆಯ್ತು. ಟೊನೆಡಗಾನಾ ಅನ್ನೋದು ಎಮ್ಮೆಟ್ ಆಯ್ತು, ಮಿಕೆನಾಕ್ ಅನ್ನೋದು ರಾಸ್ಕಾಮನ್ ಆಯ್ತು. ಎಮ್ಮೆಟ್ ಐರ್ಲೆಂಡಿನ ಹೋರಾಟಗಾರ, ರಾಸ್ಕಾಮನ್ ಐರ್ಲೆಂಡಿನ ಒಂದು ಜಾಗ. ಬ್ರಿಟಿಷರ ಕೈಲಿ ನೆಲ ಕಳಕೊಂಡ ಐರಿಷ್ ಜನರ ಹೆಸರನ್ನ ತಂದು, ನೆಲ ಕಳಕೊಂಡ ಇನ್ನೊಂದು ಜನರ ಹೆಸರಿನ ಮೇಲೆ ಬಳಿದ್ರು. ಅದೇ 1843ರಲ್ಲಿ, ಅದೇ ಶಾಸನಸಭೆ, ಹೊಸದಾಗಿ ಒಂದು ಕೌಂಟಿ ಮಾಡಿ ಅದಕ್ಕೆ ಸ್ಕೂಲ್‌ಕ್ರಾಫ್ಟ್ ಅಂತ ಹೆಸರಿಟ್ಟಿತು.

ಆ ಜನರ ಬಗ್ಗೆ ಬರೆದವನ ಹೆಸರು ಬಂತು, ಆ ಜನರ ಹೆಸರು ಹೋಯ್ತು. ಒಂದೇ ವರ್ಷ!

ಸ್ಕೂಲ್‌ಕ್ರಾಫ್ಟ್ ಬರೀ ದೋಣಿ ಹತ್ತಿ ಊರು ಸುತ್ತಿದವನಲ್ಲ. 1822ರಿಂದ ಸೂ ಸೇಂಟ್ ಮರೀ ಅನ್ನೋ ಜಾಗದಲ್ಲಿ ಅಮೆರಿಕ ಸರ್ಕಾರದ ಏಜೆಂಟ್. ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳೋ ಅಧಿಕಾರಿ. 1836ರ ಮಾರ್ಚ್ 28ರಂದು ವಾಷಿಂಗ್ಟನ್ನಿನಲ್ಲಿ ಒಡಾವಾ ಮತ್ತು ಓಜಿಬ್ವೆ ಮುಖಂಡರ ಜೊತೆ ಒಂದು ಒಪ್ಪಂದ ಆಯ್ತು. ಸರ್ಕಾರದ ಪರವಾಗಿ ಅದನ್ನ ನಡೆಸಿದ್ದು ಇವನೇ. ಆ ಕಾಗದದ ಮೇಲೆ ಕೈಬದಲಾದ ನೆಲ 1 ಕೋಟಿ 30 ಲಕ್ಷ ಎಕರೆಗೂ ಜಾಸ್ತಿ. ಈಗಿನ ಮಿಶಿಗನ್ನಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಮುಖಂಡರು ತಮ್ಮ ಜನಕ್ಕೆ ಅಂತ ಸ್ವಲ್ಪ ನೆಲ ಉಳಿಸಿಕೊಂಡಿದ್ರು. ಒಪ್ಪಂದ ಸೆನೆಟ್ಟಿಗೆ ಹೋದಾಗ, ಅದು ಬರೀ ಐದು ವರ್ಷಕ್ಕೆ ಮಾತ್ರ ಅಂತ ತಿದ್ದಿದ್ರು. ಸಹಿ ಆದ ಮೇಲೆ ತಿದ್ದೋದು! ಕಚೇರಿಯಲ್ಲಿ ಕೆಲಸ ಮಾಡೋರಿಗೆ ಇದರ ರುಚಿ ಚೆನ್ನಾಗಿ ಗೊತ್ತು.

ಇನ್ನು ಅವನ "ಜ್ಞಾನ"ದ ವಿಷಯ. 1823ರಲ್ಲಿ ಅವನು ಮದುವೆಯಾಗಿದ್ದು ಜೇನ್ ಜಾನ್‌ಸ್ಟನ್ ಅನ್ನೋ ಹೆಣ್ಣುಮಗಳನ್ನ. ಆಯಮ್ಮನ ಅಪ್ಪ ಐರಿಷ್ ವ್ಯಾಪಾರಿ, ಅಮ್ಮ ಓಜಿಬ್ವೆ, ಅಮ್ಮನ ಅಪ್ಪ ವಾಬೋಜೀಗ್ ಅನ್ನೋ ದೊಡ್ಡ ಮುಖಂಡ. ಜೇನ್ ಅವರ ಓಜಿಬ್ವೆ ಹೆಸರು ಬಾಮೆವಾವಾಗೆಝಿಕಾಕ್ವೆ. ನಕ್ಷತ್ರಗಳು ಆಕಾಶದಲ್ಲಿ ಹರಿದು ಹೋಗುವಾಗ ಆಗೋ ಸದ್ದಿನ ಹೆಣ್ಣು ಅಂತ ಅದರ ಅರ್ಥ. ಎಂಥಾ ಹೆಸರು ನೋಡಿ! ಓಜಿಬ್ವೆ ಭಾಷೇಲೂ ಇಂಗ್ಲಿಷಿನಲ್ಲೂ ಪದ್ಯ ಬರೀತಿದ್ರು. ಮಕ್ಕಳನ್ನ ದೂರದ ಬೋರ್ಡಿಂಗ್ ಶಾಲೆಗೆ ಬಿಟ್ಟು ಬಂದಾಗ ಆ ಸಂಕಟವನ್ನ ತಮ್ಮ ಅಮ್ಮನ ಭಾಷೇಲೇ ಬರೆದ್ರು. ಸ್ಕೂಲ್‌ಕ್ರಾಫ್ಟ್ 1839ರಲ್ಲಿ ಎರಡು ಸಂಪುಟ ಜನಪದ ಕಥೆ ಅಚ್ಚು ಹಾಕಿಸಿದ. ಅದ್ರಲ್ಲಿ ಎಷ್ಟೋ ಕಥೆಗಳನ್ನ ಹೇಳಿದವರು, ಇಂಗ್ಲಿಷಿಗೆ ತಂದವರು ಜೇನ್ ಮತ್ತು ಅವರ ಅಮ್ಮ, ಅಣ್ಣತಮ್ಮಂದಿರು. ಆ ಪುಸ್ತಕ ಓದಿ ಲಾಂಗ್‌ಫೆಲೊ 1855ರಲ್ಲಿ ಹಯವಾಥಾ ಕಾವ್ಯ ಬರೆದು ಜಗತ್ಪ್ರಸಿದ್ಧ ಆದ. ಆಮೇಲೆ ಸ್ಕೂಲ್‌ಕ್ರಾಫ್ಟ್ ಸರ್ಕಾರದ ದುಡ್ಡಿನಲ್ಲಿ ಮೂಲನಿವಾಸಿಗಳ ಬಗ್ಗೆ ಆರು ದಪ್ಪ ಸಂಪುಟ ತಂದ, 1851ರಿಂದ 1857ರವರೆಗೆ. ಜೇನ್ 1842ರಲ್ಲೇ ತೀರಿಹೋಗಿದ್ರು. ಗಂಡ ಆಗ ಇಂಗ್ಲೆಂಡಿನಲ್ಲಿದ್ದ. ಆ ತಾಯಿಯ ಬರವಣಿಗೆ ಒಟ್ಟಾಗಿ ಒಂದು ಪುಸ್ತಕವಾಗಿ ಓದುಗರ ಕೈಗೆ ಬಂದಿದ್ದು 2007ರಲ್ಲಿ. ಸತ್ತು 165 ವರ್ಷ ಆದ ಮೇಲೆ.

ಕಾಲೇಜಿನ ಬೋರ್ಡಿನ ಮೇಲೆ ಇರೋ ಹೆಸರು ಜೇನ್‌ಗೂ ಸೇರುತ್ತಲ್ಲ, ಗಂಡನ ಹೆಸರು ತಾನೇ ಅಂತ ಯಾರಾದ್ರೂ ಅನ್ನಬಹುದು. ಹೆಣ್ಣುಮಕ್ಕಳು ಇದನ್ನ ಎಷ್ಟು ಸಲ ಕೇಳಿಲ್ಲ!

ಒಂದು ಮಾತು ನ್ಯಾಯವಾಗಿ ಹೇಳ್ಬೇಕು. 1832ರ ಆ ಪ್ರಯಾಣದಲ್ಲಿ ಡಗ್ಲಾಸ್ ಹೌಟನ್ ಅನ್ನೋ ಡಾಕ್ಟರ್ ಜೊತೇಲಿದ್ದ. ದಾರಿಯುದ್ದಕ್ಕೂ ಎರಡು ಸಾವಿರಕ್ಕೂ ಹೆಚ್ಚು ಓಜಿಬ್ವೆ ಜನಕ್ಕೆ ಸಿಡುಬಿನ ಲಸಿಕೆ ಹಾಕಿದ. ಅದು ಪ್ರಾಣ ಉಳಿಸೋ ಕೆಲಸ. ಇನ್ನೊಂದು, ಸ್ಕೂಲ್‌ಕ್ರಾಫ್ಟ್ ತನ್ನ ಪುಸ್ತಕದಲ್ಲಿ ಓಜಾವಿಂಡಿಬ್ ಹೆಸರನ್ನ ಬರೆದಿದ್ದಾನೆ. ಮುಚ್ಚಿಟ್ಟಿಲ್ಲ. ಅವನು ಬರೆದಿದ್ದಕ್ಕೇ ಇವತ್ತು ನಮ್ಮೂರಲ್ಲಿ ಕೂತ ನನಗೂ ಆ ಹೆಸರು ಗೊತ್ತಾಗಿದ್ದು. ಬರೆದವನ ಹೊಲದ ದಾಖಲೆಯಲ್ಲೇ ದಾರಿ ತೋರಿಸಿದವನ ಸಾಕ್ಷಿನೂ ಸಿಕ್ಕಿಕೊಂಡಿದೆ. ಈ ಗಂಟನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ನಮ್ಮ ಕಡೆಗೆ ಬರೋಣ.

ನಾನು ಗುಮಾಸ್ತೆ. ಇಪ್ಪತ್ತು ವರ್ಷದಿಂದ ಕಡತಗಳ ಮಧ್ಯೆ ಕೂತಿದೀನಿ. ಆವಕ ರಿಜಿಸ್ಟರಿನಲ್ಲಿ ನಂಬರ್ ಬೀಳದೆ ಇರೋ ಅರ್ಜಿ, ಕಚೇರಿ ಲೆಕ್ಕದಲ್ಲಿ ಹುಟ್ಟೇ ಇಲ್ಲ. ಅರ್ಜಿದಾರ ಎದುರಿಗೆ ನಿಂತು ಅಳ್ತಿದ್ರೂ ಹುಟ್ಟಿಲ್ಲ. ಹೆಸರು ಅನ್ನೋದೂ ಹಾಗೇ. ನೀವು ಎಷ್ಟೇ ದುಡಿದಿರಿ, ಕಾಗದದಲ್ಲಿ ಇಲ್ಲ ಅಂದ್ರೆ ಇಲ್ಲ.

ನಮ್ಮ ತಾತ ನಮ್ಮೂರ ಕೆರೆಗೆ ನೀರಗಂಟಿ. ಅವರಪ್ಪನೂ ನೀರಗಂಟಿ. ಹೊಸ ಹುಡುಗರಿಗೆ ಗೊತ್ತಿಲ್ಲದೆ ಇರಬಹುದು, ಹೇಳ್ತೀನಿ. ಕೆರೆ ತೂಬು ಎತ್ತೋದು, ಇಳಿಸೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚೋದು, ಮಳೆ ಜೋರಾದ ರಾತ್ರಿ ಏರಿ ಮೇಲೆ ನಡೆದು ಎಲ್ಲಿ ಸೋರ್ತಿದೆ ಅಂತ ನೋಡೋದು ನೀರಗಂಟಿ ಕೆಲಸ. ಹಳೇ ಮೈಸೂರು ಸೀಮೆಯಲ್ಲಿ ಎಷ್ಟೋ ಊರಲ್ಲಿ ಈ ಕೆಲಸ ನಮ್ಮವರದ್ದೇ. ಕೂಲಿ ಅಂತ ದುಡ್ಡಿಲ್ಲ, ಸುಗ್ಗಿ ಕಾಲಕ್ಕೆ ಕಣದಲ್ಲಿ ಕೊಡೋ ಆಯ ಅಷ್ಟೇ. ಗದ್ದೆ ಮೇಲ್ಜಾತಿಯವರದ್ದು, ನೀರಿನ ಲೆಕ್ಕ ನಮ್ಮ ತಾತಂದು. ಆ ನೀರನ್ನ ಊರಿನ ಬಾವಿಯಿಂದ ಸೇದಿ ಕುಡಿಯೋ ಹಕ್ಕು ಮಾತ್ರ ತಾತನಿಗೆ ಇರಲಿಲ್ಲ.

ಕೆಲವು ವರ್ಷದ ಹಿಂದೆ ಆ ಕೆರೆ ಹೂಳೆತ್ತಿದ್ರು. ಏರಿ ಮೇಲೆ ಗ್ರಾನೈಟ್ ಕಲ್ಲು ನಿಲ್ಲಿಸಿದ್ರು. ಉದ್ಘಾಟಿಸಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಉಪಸ್ಥಿತರು, ಎಂಜಿನಿಯರ್, ಗುತ್ತಿಗೆದಾರ. ಕೆರೆಯ ಹೆಸರೇ ಊರಿನ ದೊಡ್ಡ ಮನೆತನದ್ದು. ನೀರಗಂಟಿ ಮನೆತನದ್ದು ಒಂದಕ್ಷರ ಇಲ್ಲ. ಎಂಜಿನಿಯರ್ ಸಾಹೇಬರು ಸರ್ವೆಗೆ ಬಂದಾಗ ಹಳೇ ತೂಬು ಎಲ್ಲಿ ಮುಚ್ಚಿಹೋಗಿದೆ ಅಂತ ತೋರಿಸಿದ್ದು ನಮ್ಮ ಚಿಕ್ಕಪ್ಪ. ಬಿಸಿಲಲ್ಲಿ ಮುಂದೆ ಮುಂದೆ ನಡೆದು ತೋರಿಸಿದ್ರು. ಓಜಾವಿಂಡಿಬ್ ಬಗ್ಗೆ ಓದುವಾಗ ನನಗೆ ಕಂಡಿದ್ದು ಆ ಬೆನ್ನು.

ನಾವು ಗ್ರಾಮಸಭೆಗೆ ಅರ್ಜಿ ಕೊಟ್ವಿ. ಎರಡೇ ಬೇಡಿಕೆ. ಒಂದು, ಕೆರೆ ಏರಿ ಮೇಲೆ ತಲೆಮಾರುಗಳಿಂದ ಕೆರೆ ಕಾಯ್ದ ನೀರಗಂಟಿಗಳ ಹೆಸರಿನ ಫಲಕ. ಎರಡು, ನಮ್ಮ ಬೀದಿಗೆ ರಿಜಿಸ್ಟರಿನಲ್ಲಿ ಇರೋ "ಹರಿಜನ ಕಾಲೋನಿ" ಅನ್ನೋ ಹೆಸರು ತೆಗೆದು, ನಾವು ಆರಿಸಿದ ಹೆಸರು.

ಮೊದಲನೇದಕ್ಕೆ ಬಂದ ಉತ್ತರ: ಅವರು ನೀರಗಂಟಿ ಆಗಿದ್ರು ಅನ್ನೋದಕ್ಕೆ ದಾಖಲೆ ಏನಿದೆ? ಎರಡನೇದಕ್ಕೆ: ಹರಿಜನ ಅಂದ್ರೆ ದೇವರ ಮಕ್ಕಳು, ಅಷ್ಟು ಒಳ್ಳೆ ಹೆಸರು ಯಾಕೆ ಬೇಡ?

ಎರಡನೇದನ್ನ ಮೊದಲು ತಗೊಳ್ತೀನಿ. ಇಟಾಸ್ಕಾ ಅಂದ್ರೆ ನಿಜವಾದ ತಲೆ ಅಂತ, ಅದೂ ಒಳ್ಳೆ ಅರ್ಥವೇ. ಆಲ್ಪೀನಾ, ಆಸ್ಕೋಡಾ ಕೇಳೋಕೂ ಚೆಂದ. ಪ್ರಶ್ನೆ ಅರ್ಥದ್ದಲ್ಲ. ಯಾರು ಯಾರಿಗೆ ಹೆಸರಿಡ್ತಾರೆ ಅನ್ನೋದು. ಹರಿಜನ ಅನ್ನೋದು ನಮ್ಮವರು ತಮ್ಮನ್ನ ತಾವು ಕರಕೊಂಡ ಹೆಸರಲ್ಲ. ಗಾಂಧೀಜಿ ಆ ಪದ ಬಳಕೆಗೆ ತಂದು, 1933ರಲ್ಲಿ ಅದೇ ಹೆಸರಿನ ಪತ್ರಿಕೆ ಶುರು ಮಾಡಿದ್ರು. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಒಂದು ಮಸೂದೆಯೊಳಗೆ ಆ ಪದ ಸೇರಿಸಿದಾಗ ಬಾಬಾಸಾಹೇಬರ ಪಕ್ಷದವರು ವಿರೋಧಿಸಿ ಸಭೆ ಬಿಟ್ಟು ಹೊರಗೆ ನಡೆದ್ರು. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರದಲ್ಲಿ ಹರಿಜನ ಅಂತ ಬರೀಬೇಡಿ ಅಂತ ತಿಳಿಸಿದೆ. ಪ್ರಮಾಣಪತ್ರದಲ್ಲಿ ಬೇಡವಾದ ಪದ ಬೀದಿಗೆ ಹೇಗೆ ಸರಿಹೋಗುತ್ತೆ? ನಮ್ಮ ಮಕ್ಕಳು ಕೆಲಸಕ್ಕೆ ಅರ್ಜಿ ಹಾಕುವಾಗ, ಬಾಡಿಗೆ ಮನೆಗೆ ಆಧಾರ್ ತೋರಿಸುವಾಗ, ವಿಳಾಸದ ಸಾಲೇ ಜಾತಿ ಹೇಳಿಬಿಡುತ್ತೆ. ಅದೇ ಊರಿನ ಬೇರೆ ಬೀದಿಗಳ ವಿಳಾಸ ಏನನ್ನೂ ಹೇಳಲ್ಲ.

ಈಗ ದಾಖಲೆ ವಿಷಯ. ಬರೆಯೋಕೆ ಬಿಡದೆ ಇದ್ದವರನ್ನ ಹಿಡಿದು ಬರೆದಿದ್ದು ತೋರಿಸಿ ಅನ್ನೋದು ಎಂಥಾ ನ್ಯಾಯ? ಊರಿನ ಲೆಕ್ಕ ಬರೀತಿದ್ದವರು ಶಾನುಭೋಗರು. ಅವರ ಖಾತೆಯಲ್ಲಿ ನಮ್ಮ ತಾತ ಬರೋದು ಆಯದ ರಾಗಿಯ ಲೆಕ್ಕಕ್ಕೆ ಮಾತ್ರ. ಆ ಪುಸ್ತಕಗಳೂ ಈಗ ಯಾರ ಅಟ್ಟದ ಮೇಲೆ ಗೆದ್ದಲು ತಿಂತಿದಾವೋ.

ಆದ್ರೆ ಸುಮ್ಮನೆ ಕೂರಲಿಲ್ಲ. ಸ್ಕೂಲ್‌ಕ್ರಾಫ್ಟ್ ಪುಸ್ತಕದಲ್ಲಿ ಓಜಾವಿಂಡಿಬ್ ಸಿಕ್ಕಿದ ಹಾಗೆ, ನಮ್ಮ ಬಗ್ಗೆ ಬರೆದವರ ಪುಸ್ತಕಗಳಲ್ಲಿ ನಮ್ಮವರು ಸಿಗಬೇಕಲ್ಲ ಅಂತ ಹುಡುಕಿದೆ. ಎಡ್ಗರ್ ಥರ್ಸ್ಟನ್ ಅಂತ ಒಬ್ಬ ಇದ್ದ. ಮದ್ರಾಸ್ ಮ್ಯೂಸಿಯಮ್ಮಿನ ಮುಖ್ಯಸ್ಥ. ಜನರ ಮೂಗು, ತಲೆ ಅಳತೆ ತೆಗೀತಿದ್ದವನು. 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಅಚ್ಚು ಮಾಡಿಸಿದ. ಓದಿದ್ರೆ ಎಷ್ಟೋ ಕಡೆ ಮೈ ಉರಿಯುತ್ತೆ. ಪ್ರಾಣಿ ಪಕ್ಷಿಗಳನ್ನ ವರ್ಣಿಸಿದ ಹಾಗೆ ನಮ್ಮನ್ನ ವರ್ಣಿಸಿದಾನೆ. ಆದ್ರೆ ಅದರ ಒಳಗೇ, ಮೆಕೆಂಜಿ ಅನ್ನೋ ಬ್ರಿಟಿಷ್ ಅಧಿಕಾರಿ 1873ರಲ್ಲಿ ಮೈಸೂರು ಸೀಮೆಯ ಹೊಲೆಯರ ಬಗ್ಗೆ ಬರೆದ ಲೇಖನದ ವಿಷಯ ಇದೆ. ಊರಿನ ಗಡಿ ಎಲ್ಲಿ ಅನ್ನೋ ಜಗಳ ಬಂದಾಗ ಕೊನೆ ಮಾತು ಕುಳವಾಡಿಯದ್ದು ಅಂತ ಅದ್ರಲ್ಲಿ ಬರೆದಿದೆ. ಕುಳವಾಡಿ ಅಂದ್ರೆ ಊರಿನ ಸೇವೆಗೆ ಇದ್ದ ಹೊಲೆಯ. ಅವನು ಆಣೆ ಮಾಡಿ ನಡೆದು ತೋರಿಸಿದ್ದೇ ಊರಿನ ಗಡಿ.

ಯೋಚನೆ ಮಾಡಿ. ಊರೊಳಗೆ ಮನೆ ಕಟ್ಟೋಕೆ ಬಿಡದೆ ಇದ್ದವನ ಕಾಲಿನ ಅಳತೆಯಲ್ಲಿ ಊರು ನಿಂತಿತ್ತು. ಯಾವ ಊರಿಗೆ ಕುಳವಾಡಿಯ ಹೆಸರಿದೆ? ಯಾವ ಗಡಿಕಲ್ಲಿನ ಮೇಲಿದೆ?

ನಮ್ಮ ಸ್ನೇಹಿತರಲ್ಲಿ ಕೆಲವರು, "ಈ ಥರ್ಸ್ಟನ್, ಸ್ಕೂಲ್‌ಕ್ರಾಫ್ಟ್ ಎಲ್ಲಾ ನಮ್ಮನ್ನ ಅಳೆದು ಡಬ್ಬಿಗೆ ತುಂಬಿದವರು, ಆ ಪುಸ್ತಕ ಸುಡಬೇಕು" ಅಂತಾರೆ. ಕೋಪ ನನಗೂ ಅರ್ಥ ಆಗುತ್ತೆ. ಆದ್ರೆ ನಾನು ಗುಮಾಸ್ತೆ, ಕಾಗದ ಸುಡೋಕೆ ಒಪ್ಪಲ್ಲ. ಮಿಶಿಗನ್ನಿನ ಮೀನುಗಾರರು ಏನು ಮಾಡಿದ್ರು ನೋಡಿ. 1836ರ ಒಪ್ಪಂದ, ಸ್ಕೂಲ್‌ಕ್ರಾಫ್ಟ್ ನಡೆಸಿದ ಅದೇ ಒಪ್ಪಂದ, ಅವರ ನೆಲ ಕಿತ್ತುಕೊಂಡ ಕಾಗದ. ಅವರು ಅದನ್ನೇ ಹಿಡ್ಕೊಂಡು ಕೋರ್ಟಿಗೆ ಹೋದ್ರು. ನೆಲ ಕೊಟ್ಟಿರಬಹುದು, ದೊಡ್ಡ ಸರೋವರಗಳಲ್ಲಿ ಮೀನು ಹಿಡಿಯೋ ಹಕ್ಕನ್ನ ನಮ್ಮ ಹಿರಿಯರು ಬಿಟ್ಟುಕೊಟ್ಟಿಲ್ಲ ಅಂತ ವಾದಿಸಿದ್ರು. 1979ರಲ್ಲಿ ನೋಯೆಲ್ ಫಾಕ್ಸ್ ಅನ್ನೋ ನ್ಯಾಯಾಧೀಶರು ಅವರ ಪರ ತೀರ್ಪು ಕೊಟ್ರು. 143 ವರ್ಷ ಆದ ಮೇಲೆ, ತಮ್ಮನ್ನ ಮುಗಿಸಿದ ಕಾಗದದಿಂದಲೇ ತಮ್ಮ ಹಕ್ಕು ಹೊರಗೆ ಎಳೆದ್ರು.

ನೆಗ್ವೆಗಾನ್ ಹೆಸರೂ ಪೂರ್ತಿ ಅಳಿದುಹೋಗಲಿಲ್ಲ. ಆಲ್ಕೋನಾ ಕೌಂಟಿಯ ಕಡೆ ಸರೋವರದ ದಡದಲ್ಲಿ ಈಗ ನೆಗ್ವೆಗಾನ್ ರಾಜ್ಯ ಉದ್ಯಾನ ಇದೆ. ಮಿನ್ನೆಸೋಟದ ಮಿನ್ನಿಯಾಪೊಲಿಸ್ ಊರಿನ ದೊಡ್ಡ ಕೆರೆಗೆ ಕ್ಯಾಲ್ಹೂನ್ ಅಂತ ಹೆಸರಿತ್ತು. ಗುಲಾಮಗಿರಿ ಸಮರ್ಥಿಸಿದ ರಾಜಕಾರಣಿ ಅವನು. ಡಕೋಟಾ ಜನ ಪಟ್ಟು ಹಿಡಿದು, ಕೆರೆಯ ಹಳೇ ಡಕೋಟಾ ಹೆಸರು ಬ್ಡೆ ಮಕಾ ಸ್ಕಾ ಅನ್ನೋದನ್ನ ವಾಪಸ್ ತಂದ್ರು. ಅಲ್ಲೂ ಜನ ಕೋರ್ಟಿಗೆ ಹೋಗಿ ತಡೆಯೋಕೆ ನೋಡಿದ್ರು. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಹೊಸ ಹೆಸರು ಗೆದ್ದಿತು. ಹೊಸದು ಅಂತೀನಿ, ಅದೇ ಹಳೇದು.

"ಹೆಸರು ಬದಲಾದ್ರೆ ಹೊಟ್ಟೆ ತುಂಬುತ್ತಾ?" ಅಂತ ಕೇಳೋರು ಎಲ್ಲಾ ಕಡೆ ಇರ್ತಾರೆ, ನಮ್ಮೊಳಗೂ ಇದಾರೆ. ಅವರಿಗೆ ನಾಮಾಂತರ ಚಳವಳಿ ನೆನಪು ಮಾಡ್ತೀನಿ. ಔರಂಗಾಬಾದಿನ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಬೇಕು ಅಂತ 1978ರ ಜುಲೈನಲ್ಲಿ ಮಹಾರಾಷ್ಟ್ರ ಶಾಸನಸಭೆ ತೀರ್ಮಾನ ಮಾಡಿತು. ಒಂದು ಬೋರ್ಡಿನ ಹೆಸರು, ಅಷ್ಟೇ. ಅದಕ್ಕೆ ಮರಾಠವಾಡದ ಹಳ್ಳಿಗಳಲ್ಲಿ ನಮ್ಮವರ ಮನೆ ಸುಟ್ಟರು, ಕೊಂದರು. 1994ರ ಜನವರಿ 14ಕ್ಕೆ ನಾಮವಿಸ್ತಾರ ಆಯ್ತು. ಅದೂ ಮರಾಠವಾಡ ಅನ್ನೋದನ್ನ ಉಳಿಸಿಕೊಂಡೇ. ಹೆಸರಿಗೆ ಬೆಲೆ ಇಲ್ಲದಿದ್ರೆ ಹದಿನಾರು ವರ್ಷ ಅವರು ಯಾಕೆ ತಡೆದ್ರು?

ನನ್ನ ಮಾತು ಇಷ್ಟು. ಇರೋ ಹೆಸರುಗಳನ್ನೆಲ್ಲ ಕಿತ್ತು ಹಾಕಿ ಅಂತ ನಾನು ಹೇಳ್ತಿಲ್ಲ. ಕೆಲವು ಕೀಳಲೇಬೇಕು, ನಮ್ಮ ಬೀದಿ ಹೆಸರಿನ ಹಾಗೆ. ಕೆಲವು ಇರಲಿ. ಆದ್ರೆ ದಾರಿ ತೋರಿಸಿದವನ ಹೆಸರು ಪಕ್ಕದಲ್ಲೇ ಇರಬೇಕು, ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು. ಕೆರೆಗೆ ದೊಡ್ಡಮನೆಯವರ ಹೆಸರಿದ್ರೆ, ತೂಬಿಗೆ ನೀರಗಂಟಿಯ ಹೆಸರು ಬರಲಿ.

ನಾವೀಗ ಏನು ಮಾಡ್ತಿದೀವಿ ಅಂತ ಹೇಳ್ತೀನಿ, ನಿಮ್ಮೂರಲ್ಲೂ ಮಾಡಬಹುದು. ಎಂಬತ್ತು ದಾಟಿದ ಹಿರಿಯರ ಹತ್ರ ಕೂತು ಬರ್ಕೊಳ್ತಿದೀವಿ. ನೀರಗಂಟಿ, ತೋಟಿ, ತಳವಾರ, ಕುಳವಾಡಿ ಯಾರಾಗಿದ್ರು, ಯಾರಾದ ಮೇಲೆ ಯಾರು. ಊರಿಗೆಲ್ಲ ಹೆರಿಗೆ ಮಾಡಿಸಿದ ಸೂಲಗಿತ್ತಿ ಅಜ್ಜಿ ಯಾರು. ಬಾವಿ ತೋಡಿದವರು ಯಾರು. ಹೇಳಿದವರ ಹೆಸರು, ವಯಸ್ಸು, ತಾರೀಕು, ಹೆಬ್ಬೆಟ್ಟು ಅಥವಾ ಸಹಿ, ಇಬ್ಬರ ಸಾಕ್ಷಿ. ಫೋನಿನಲ್ಲಿ ಧ್ವನಿನೂ ಇಟ್ಟುಕೊಳ್ತಿದೀವಿ. ನಾವು ಬರೆದು ಅವರ ಸಹಿ ಹಾಕಿಸ್ತೀವಿ, ನಮ್ಮ ಸಹಿ ಕೆಳಗೆ. ಸ್ಕೂಲ್‌ಕ್ರಾಫ್ಟ್ ಮಾಡಿದ್ದಕ್ಕೆ ಉಲ್ಟಾ. ಹಿರಿಯರು ಬೇಗ ಹೋಗ್ತಿದಾರೆ, ತಡ ಮಾಡಬೇಡಿ. ಹೋದ ತಿಂಗಳು ನಾವು ಹೋಗೋಷ್ಟರಲ್ಲಿ ಒಬ್ಬರು ಅಜ್ಜಿ ತೀರಿಹೋಗಿದ್ರು. ಎಷ್ಟು ಹೆಸರು ಆಯಮ್ಮನ ಜೊತೆ ಹೋಯ್ತೋ.

ಅರ್ಜಿ ಕೊಡುವಾಗ ಬಾಯಿಮಾತು ಬೇಡ. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸೀಲು, ತಾರೀಕು, ಆವಕ ನಂಬರ್ ಹಾಕಿಸಿಕೊಂಡೇ ಬನ್ನಿ. ಆಮೇಲೆ ಬನ್ನಿ ಅಂದ್ರೆ ಅಲ್ಲೇ ಬೆಂಚಿನ ಮೇಲೆ ಕೂತ್ಕೊಳ್ಳಿ. ನಮ್ಮ ಎರಡನೇ ಅರ್ಜಿಗೆ ನಂಬರ್ ಬಿದ್ದಿದೆ. ಹಿರಿಯರ ಹೇಳಿಕೆಗಳು, 1873ರ ಲೇಖನದ ಪ್ರತಿ, 1982ರ ಸುತ್ತೋಲೆಯ ವಿಷಯ, ಎಲ್ಲಾ ಲಗತ್ತಿಸಿದೀವಿ. ಮುಂದಿನ ಗ್ರಾಮಸಭೆಗೆ ಕೇರಿಯ ಹೆಣ್ಣುಮಕ್ಕಳೆಲ್ಲ ಹೋಗ್ತಿದೀವಿ.

ತಾತನ ಹೆಸರು ಏನು ಅಂತ ಕೆಲವರು ಕಾಮೆಂಟಿನಲ್ಲಿ ಕೇಳ್ತೀರಿ ಅಂತ ಗೊತ್ತು. ಇಲ್ಲಿ ಬರೆಯಲ್ಲ. ಮೊದಲು ಕೆರೆ ಏರಿ ಮೇಲೆ ಬರಲಿ, ಆಮೇಲೆ ಫೋಟೋ ಹಾಕ್ತೀನಿ.

ನಿಮ್ಮೂರ ನೀರಗಂಟಿ, ಕುಳವಾಡಿ, ಸೂಲಗಿತ್ತಿಯರ ಬಗ್ಗೆ ನೀವು ಬರೀರಿ, ನಿಮ್ಮ ಮನೆಯವರನ್ನ ಕೇಳಿಕೊಂಡು ಬರೀರಿ.

ಜೈಭೀಮ್.